ಮಲ್ಪೆಯ ನಡುಗಡ್ಡೆಯ ಶಿಲುಬೆಗಂಬ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನೆಲದಲ್ಲಿ ಬಾಳುವ ನಮಗೆ ಮಾತನಾಡುವ ಕಲ್ಲು ಹೊಸದಲ್ಲ. ನಮ್ಮ ನಾಡಿನ ದಾನಶಾಸನಗಳ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿರುತ್ತಾರೆ. ಅವರಿರುವ ತನಕ ಕೊಟ್ಟ ಮಾತು ನಿಲ್ಲಲಿ ಎಂಬುದೇ ಅದರ ಅಭಿಪ್ರಾಯ. ದೂರದ ಫ್ರಾನ್ಸಿನ ಬ್ರಿಟನಿ ಪ್ರಾಂತದವರೂ ಇದೇ ಭಾವನೆಯಿಂದ ದಾರಿಯ ಬದಿಗೆ ಗ್ರಾನೈಟಿನ ಶಿಲುಬೆಗಳನ್ನು ನಿಲ್ಲಿಸಿದರು. 15ನೆಯ ಶತಮಾನದ ನಡುಗಾಲದಲ್ಲಿ ಟ್ರೊನೊಎನ್‌ನಲ್ಲಿ ಕೆತ್ತಿದ ಶಿಲುಬೆಯು ಇಂದಿಗೂ ಅಲ್ಲಿಯ ಕೊಲ್ಲಿಯನ್ನು ನೋಡುತ್ತ ನಿಂತಿದೆ. ಕರ್ನಾಟಕದ ಕಡಲಂಚಿನಲ್ಲಿಯೂ ಒಮ್ಮೆ ಅಂಥದೊಂದು ಕಲ್ಲು ನಿಂತಿತ್ತೆಂಬುದನ್ನು ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತ.

ವಾಸ್ಕೋ ಡ ಗಾಮನು 1498ರ ಆಗಸ್ಟ್ 29ರಂದು ಕಲ್ಲಿಕೋಟೆಯನ್ನು ಬಿಟ್ಟು ಉತ್ತರಾಭಿಮುಖವಾಗಿ ಹೊರಟನು. ಮೂರು ಕಂಬಗಳನ್ನು ನೆಡಬೇಕೆಂದು ಪೋರ್ಚುಗಲ್ಲಿನ ಅರಸನು ಅವನಿಗೆ ಆಜ್ಞಾಪಿಸಿದ್ದನು. ಸಂತ ರಫಾಯೇಲರ ಹೆಸರಿನದನ್ನು ಆಫ್ರಿಕೆಯ ನದಿಯೊಂದರ ಬಳಿಯಲ್ಲಿಯೂ ಸಂತ ಗಬ್ರಿಯೇಲರ ಹೆಸರಿನದನ್ನು ಕಲ್ಲಿಕೋಟೆಯಲ್ಲಿಯೂ ನೆಟ್ಟಾಗಿತ್ತು. ಉಳಿದಿದ್ದುದು ಸಂತ ಮರಿಯಳ ಹೆಸರಿನದು. ಸೆಪ್ಟೆಂಬರ್ 15ರಂದು ದಡದಿಂದ ಎರಡು ಹರದಾರಿಯಷ್ಟು ದೂರದ ನಡುಗಡ್ಡೆಯೊಂದರಲ್ಲಿ ಅದನ್ನು ನೆಟ್ಟರು. ಆ ನಡುಗಡ್ಡೆಯೇ ಉಡುಪಿಯ ಮಲ್ಪೆಗೆ ಎದುರಾಗಿರುವ ಸೇಂಟ್ ಮೇರೀಸ್ ದ್ವೀಪವೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ.

ಆ ಯಾತ್ರೆಯ ದಿನಚರಿಯಲ್ಲಿ ಒಂದು ಹೃದ್ಯವಾದ ಸಂಗತಿಯಿದೆ. ಮೀನು ಮಾರಲು ದೋಣಿಗಳಲ್ಲಿ ಬಂದ ಬೆಸ್ತರಿಗೆ ಕಪ್ತಾನನು ಅಂಗಿಗಳನ್ನು ಕೊಟ್ಟು, ಇಲ್ಲಿ ಕಂಬವೊಂದನ್ನು ನೆಡಲೇ ಎಂದು ಕೇಳಿದನು. ಅವರು ಸಂತೋಷದಿಂದ ಒಪ್ಪಿದರು. ಬಂದವರೂ ತಮ್ಮಂತೆಯೇ ಕ್ರೈಸ್ತರೆಂಬುದಕ್ಕೆ ಅದು ಸಾಕ್ಷಿಯಾಗುವುದೆಂದರು ಎಂದು ದಿನಚರಿ ಹೇಳುತ್ತದೆ. ಆದರೆ ಕಲ್ಲಿಕೋಟೆಯ ದೇವಾಲಯವನ್ನೇ ಇಗರ್ಜಿಯೆಂದು ಬಗೆದು ಪ್ರಾರ್ಥಿಸಿ ಬಂದವರು ಇವರು! ಬೆಸ್ತರ ಬಾಯಿಂದ ಬಂದುದಕ್ಕಿಂತ ತಮ್ಮ ಮನಸ್ಸು ಬಯಸಿದುದನ್ನೇ ಅವರ ಕಿವಿಗಳು ಕೇಳಿರಬೇಕು. ಆದರೂ ಆ ದಿನ ಅಲ್ಲಿ ಬಲಾತ್ಕಾರವಿರಲಿಲ್ಲ. ಅತಿಥಿಯು ಅನುಮತಿ ಕೇಳಿದನು. ನೆಲದವರು ಸ್ನೇಹದಿಂದ ಕೊಟ್ಟರು.

ಇಷ್ಟಕ್ಕೇ ನಿಲ್ಲಿಸಿದರೆ ಚರಿತ್ರೆಗೆ ಅಪಚಾರವಾದೀತು. ಅಂಥ ಕಂಬಗಳ ಮೇಲೆ ಶಿಲುಬೆಯೊಡನೆ ಅರಸನ ಲಾಂಛನವೂ ಇರುತ್ತಿತ್ತು. ಅವು ಭಕ್ತಿಯ ಗುರುತುಗಳೂ ಹೌದು, ಒಡೆತನದ ಗುರುತುಗಳೂ ಹೌದು. ನಾಲ್ಕು ವರ್ಷಗಳ ತರುವಾಯ, 1502ರಲ್ಲಿ, ಇದೇ ಗಾಮನು ಮಲಬಾರಿನ ಕಡಲಿನಲ್ಲಿ ಮೆಕ್ಕಾ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳೆನ್ನದೆ ಸುಡಿಸಿದನು. ಶಿಲುಬೆಯನ್ನು ನೆಟ್ಟ ಕೈಯೇ ಶಿಲುಬೆಯ ಅರ್ಥವನ್ನು ಮರೆಯಿತು. ಇದನ್ನು ಮುಚ್ಚಿಡುವುದು ಕ್ರೈಸ್ತನಿಗೆ ಭೂಷಣವಲ್ಲ.

ಇಂದು ಆ ಕಂಬ ದ್ವೀಪದಲ್ಲಿಲ್ಲ. ಕಾಣುವುದು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಅಗಲುತ್ತಿದ್ದ ಕಾಲದಲ್ಲಿ, ಅಗ್ನಿಶಿಲೆಯು ತಣಿದು ಮೂಡಿದ ಕಂಬಗಳ ಸಾಲು. ದೇಶದ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಅದೂ ಒಂದು. ಮನುಷ್ಯನು ನೆಟ್ಟ ಕಂಬ ಹೋಯಿತು, ದೇವರು ನೆಟ್ಟವು ನಿಂತಿವೆ. ಅರಸನ ಲಾಂಛನ ಅಳಿಯಿತು, ತಾಯಿಯ ಹೆಸರು ಉಳಿಯಿತು. ಆ ಹೆಸರನ್ನು ಇಂದು ಎಲ್ಲ ಮತದವರೂ ನಿಸ್ಸಂಕೋಚವಾಗಿ ಉಚ್ಚರಿಸುತ್ತಾರೆ.

ಪ್ರಿಯ ವಾಚಕರೇ, ನೂರು ವರ್ಷ ತುಂಬಿದ ದೇವಾಲಯದ ಗೋಡೆಗಳೂ ಕಲ್ಲೇ. ನೆರೆಯವರ ಅನುಮತಿ ಮತ್ತು ಸ್ನೇಹಗಳ ಮೇಲೆ ನಿಂತ ಕಲ್ಲಿಗೆ ಬೇರೆ ಲಾಂಛನ ಬೇಕಿಲ್ಲ. ಸೂರ್ಯಚಂದ್ರರಿರುವ ತನಕ ನಿಲ್ಲಬೇಕಾದುದು ಆ ಸ್ನೇಹವೇ.