ಟಿವಿ ಸೆಟ್ಟಿಂಗ್ಸ್ ಎಲ್ಲಾ 100ಕ್ಕೆ ಇಟ್ಟರೆ ಚಿತ್ರ ಎಚ್‌ಡಿ ಆಗುತ್ತದೆಯೇ?

ಬ್ರೈಟ್‌ನೆಸ್, ಕಾಂಟ್ರಾಸ್ಟ್, ಶಾರ್ಪ್‌ನೆಸ್ ಎಲ್ಲವನ್ನೂ 100ಕ್ಕೆ ಏರಿಸಿದರೆ ಟಿವಿ ಚಿತ್ರ ಎಚ್‌ಡಿಯಂತೆ ಕಾಣುತ್ತದೆ ಎಂದು ಹಲವರು ನಂಬಿದ್ದಾರೆ. ಇದು ನಿಜವೇ? ಪರಿಶೀಲಿಸೋಣ.

ಉತ್ತರ: ನಿಜವಲ್ಲ. ಸಾಮಾನ್ಯ ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ 720×576, ಅಂದರೆ ಸುಮಾರು 4 ಲಕ್ಷ ಚುಕ್ಕೆಗಳಿರುತ್ತವೆ. ಫುಲ್ ಎಚ್‌ಡಿಯಲ್ಲಿ 1920×1080, ಸುಮಾರು 20 ಲಕ್ಷ. ಬರದೇ ಇರುವ ವಿವರವನ್ನು ರಿಮೋಟ್ ಸೃಷ್ಟಿಸಲಾರದು.

ಹಾಗಾದರೆ ಅಂಗಡಿಯಲ್ಲಿ ಚಂದ ಕಂಡಿದ್ದೇಕೆ?

ಶಹಾಪುರ, ಯಾದಗಿರಿಯ ಅಂಗಡಿಗಳಲ್ಲಿ ಟಿವಿಗಳು ಪ್ರಖರ ಬೆಳಕಿನಲ್ಲಿ ಸಾಲಾಗಿ ನಿಂತಿರುತ್ತವೆ. ಅಲ್ಲಿ ಎದ್ದು ಕಾಣಲು ‘ವಿವಿಡ್’ ಅಥವಾ ‘ಡೈನಾಮಿಕ್’ ಮೋಡ್ ಬೇಕು. ಆದರೆ ದೋರನಹಳ್ಳಿಯ ಮನೆಯೊಂದರಲ್ಲಿ ರಾತ್ರಿ ಊಟದ ಹೊತ್ತಿಗೆ ಅದೇ ಮೋಡ್ ಕಣ್ಣು ಕುಕ್ಕುತ್ತದೆ. ಮುಖಗಳು ಕೆಂಪಾಗುತ್ತವೆ, ಬಿಳಿ ಅಂಗಿ ನೀಲಿ ಛಾಯೆ ಪಡೆಯುತ್ತದೆ. ಕರೆಂಟ್ ಕೂಡ ಹೆಚ್ಚು ಖರ್ಚಾಗುತ್ತದೆ.

ಮನೆಯಲ್ಲಿ ಹೀಗೆ ಮಾಡಿ

1. ಪಿಕ್ಚರ್ ಮೋಡ್: ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಆರಿಸಿ. ಮೊದಲು ಹಳದಿ ಅನ್ನಿಸಬಹುದು. ಎರಡು ದಿನ ನೋಡಿ, ಕಣ್ಣು ಹೊಂದಿಕೊಳ್ಳುತ್ತದೆ.

2. ಬ್ಯಾಕ್‌ಲೈಟ್: ಪರದೆಯ ಬೆಳಕು ನಿರ್ಧರಿಸುವುದು ಇದೇ. ಹಗಲು ಬಾಗಿಲು ತೆರೆದು ಬಿಸಿಲು ಒಳಬರುವಾಗ ಹೆಚ್ಚಿಸಿ, ರಾತ್ರಿ ತಗ್ಗಿಸಿ.

3. ಬ್ರೈಟ್‌ನೆಸ್: ಹಲವು ಟಿವಿಗಳಲ್ಲಿ ಇದು ಕಪ್ಪು ಎಷ್ಟು ಕಪ್ಪಗಿರಬೇಕು ಎಂಬುದನ್ನು ಹೊಂದಿಸುತ್ತದೆ. ಕೆಲವು ಟಿವಿಗಳಲ್ಲಿ ಈ ಕೆಲಸ ‘ಬ್ಲ್ಯಾಕ್ ಲೆವೆಲ್’ನದು. ಕತ್ತಲ ದೃಶ್ಯದಲ್ಲಿ ಕಪ್ಪು ಕೂದಲಿನ ಎಳೆಗಳು ಕಾಣುವಷ್ಟಿಡಿ. ಕಪ್ಪು ಬೂದಿ ಬಣ್ಣಕ್ಕೆ ತಿರುಗಿದರೆ ಅತಿಯಾಯಿತೆಂದರ್ಥ.

4. ಕಾಂಟ್ರಾಸ್ಟ್: ಬಿಳಿ ಪಂಚೆಯ ಮಡಿಕೆಗಳು ಮಾಯವಾದರೆ ಕಡಿಮೆ ಮಾಡಿ.

5. ಶಾರ್ಪ್‌ನೆಸ್: ಇದು ವಿವರ ಸೇರಿಸುವುದಿಲ್ಲ, ಅಂಚುಗಳಿಗೆ ಗೆರೆ ಎಳೆಯುತ್ತದೆ. ಅಕ್ಷರಗಳ ಸುತ್ತ ಬಿಳಿ ಗೆರೆ ಕಂಡರೆ ಅದು ಹೋಗುವವರೆಗೆ ಇಳಿಸಿ.

6. ಮೋಷನ್ ಸ್ಮೂತಿಂಗ್: ಸಿನಿಮಾಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಲ್ಲಿ ತಯಾರಾಗುತ್ತವೆ. ಟಿವಿ ನಡುವೆ ತನ್ನದೇ ಚಿತ್ರ ಸೇರಿಸಿದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಸಿನಿಮಾಗೆ ಆಫ್ ಮಾಡಿ, ಕ್ರಿಕೆಟ್‌ಗೆ ಬೇಕೆನಿಸಿದರೆ ಇರಲಿ.

‘ರಹಸ್ಯ ಕೋಡ್’ ಒತ್ತಬೇಡಿ

ರಿಮೋಟ್‌ನಲ್ಲಿ ಕೋಡ್ ಒತ್ತಿದರೆ ತೆರೆಯುವುದು ಸರ್ವಿಸ್ ಮೆನು. ಅದು ರಿಪೇರಿ ಮಾಡುವವರಿಗಾಗಿ ಇದೆ. ಅಲ್ಲಿ ಪ್ಯಾನೆಲ್ ವಿಧ ತಪ್ಪಾಗಿ ಬದಲಾದರೆ ಚಿತ್ರ ತಲೆಕೆಳಗಾಗಬಹುದು, ಪರದೆ ಪೂರ್ತಿ ಕಪ್ಪಾಗಲೂಬಹುದು. ಮೇಲಿನ ಯಾವ ಬದಲಾವಣೆಗೂ ಆ ಮೆನು ಬೇಡ. ಸಾಮಾನ್ಯ ಮೆನುವಿನಲ್ಲಿ ಏನಾದರೂ ಕೆಟ್ಟರೆ ‘ರಿಸೆಟ್ ಪಿಕ್ಚರ್’ ಒತ್ತಿ, ಮೊದಲಿನಂತಾಗುತ್ತದೆ.

ಕಣ್ಣು ಹಾಳಾಗುತ್ತದೆಯೇ?

ಕತ್ತಲ ಕೋಣೆಯಲ್ಲಿ ಪ್ರಖರ ಟಿವಿ ನೋಡಿದರೆ ಕಣ್ಣು ದಣಿಯುತ್ತದೆ, ಶಾಶ್ವತ ಹಾನಿಯಾಗುವುದಿಲ್ಲ. ಟಿವಿಯ ಹಿಂದೆ ಸಣ್ಣ ದೀಪವಿಟ್ಟರೆ ಹಿತ.

ಕೊನೆಯ ಮಾತು: ಎಲ್ಲವನ್ನೂ 100ಕ್ಕೆ ಇಟ್ಟರೆ ಚಿತ್ರ ಎಚ್‌ಡಿ ಆಗುತ್ತದೆ ಎಂಬುದು ಸುಳ್ಳು. ರಹಸ್ಯ ಕೋಡ್‌ನ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ.