ಪದ ಪರಿಚಯ: ಯಾತ್ರೆ

'ಯಾ' ಎಂದರೆ ಹೋಗು. ಈ ಸಂಸ್ಕೃತ ಧಾತುವಿನಿಂದ ಹುಟ್ಟಿದ 'ಯಾತ್ರಾ' ಕನ್ನಡದಲ್ಲಿ ಎರಡು ರೂಪ ತಾಳಿತು. ಒಂದು 'ಯಾತ್ರೆ', ಇನ್ನೊಂದು ಅದರ ತದ್ಭವ 'ಜಾತ್ರೆ'. ಯೋಗಿ ಜೋಗಿಯಾದಂತೆ, ಯಮ ಜವನಾದಂತೆ ಇಲ್ಲಿಯೂ ಯಕಾರ ಜಕಾರವಾಗಿದೆ. ಅರ್ಥಗಳೂ ಕವಲೊಡೆದವು: ಹೊರಟು ನಡೆಯುವುದು ಯಾತ್ರೆ, ಬಂದು ಕೂಡುವುದು ಜಾತ್ರೆ. ತಿಕೋಟಾ, ಬಬಲೇಶ್ವರ ಕಡೆಯವರು ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ 'ಜಾತ್ರಿ'ಗೆ ಹೋಗುತ್ತಾರೆ. ಶ್ರೀಶೈಲಕ್ಕೋ ಪಂಢರಪುರಕ್ಕೋ ನಡೆದು ಹೊರಟರೆ ಅದು 'ಪಾದಯಾತ್ರೆ'.

ಬದುಕನ್ನು ಹೇಳುವಾಗ ಮಾತ್ರ ಭಾಷೆ 'ಯಾತ್ರೆ'ಯನ್ನೇ ಆರಿಸಿತು: ಜೀವನಯಾತ್ರೆ, ಅಂತಿಮಯಾತ್ರೆ. 'ಇಹಲೋಕ ಯಾತ್ರೆ ಮುಗಿಸಿದರು' ಎಂಬುದು ಇಂದಿಗೂ ಪತ್ರಿಕೆಗಳ ರೂಢಿ.

ಸಾಹಿತ್ಯದಲ್ಲಿ ಈ ರೂಪಕ ಒಳಮುಖವಾಗಿಯೂ ತಿರುಗಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನರು (1903–1953) ತಮ್ಮ ಅಧ್ಯಾತ್ಮದ ಹುಡುಕಾಟವನ್ನು 'ಪೂರ್ವರಂಗ', 'ಕಾಳರಾತ್ರಿ', 'ಬೆಳಗು' ಎಂಬ ಆತ್ಮಕಥನಗಳಲ್ಲಿ ದಾಖಲಿಸಿದರು. ಆ ಹೆಸರುಗಳನ್ನು ಸಾಲಾಗಿ ಓದಿದರೆ ಕತ್ತಲು ದಾಟಿ ಬೆಳಕಿಗೆ ಸಾಗುವ ಹಾದಿಯ ನಕ್ಷೆಯೇ ಸಿಗುತ್ತದೆ. ಊರು ಬಿಡದೆಯೂ ಯಾತ್ರೆ ಸಾಧ್ಯ ಎಂಬ ಅರ್ಥವಿಸ್ತಾರಕ್ಕೆ ಇದು ಒಳ್ಳೆಯ ಉದಾಹರಣೆ.