ರಕ್ತದೊತ್ತಡದ ಔಷಧಗಳೂ ವಂಶಗುಣವೂ

ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಸೇವಿಸಿದ ಇಬ್ಬರಲ್ಲಿ ಒಬ್ಬನಿಗೆ ಗುಣವೂ ಮತ್ತೊಬ್ಬನಿಗೆ ಬಾಧೆಯೂ ಉಂಟಾಗುವುದು ವೈದ್ಯರು ಪ್ರಾಚೀನ ಕಾಲದಿಂದಲೂ ಬಲ್ಲ ಸಂಗತಿ. ರೋಗಿಯ ಪ್ರಕೃತಿಯನ್ನು ಪರೀಕ್ಷಿಸಿಯೇ ಚಿಕಿತ್ಸೆ ಮಾಡತಕ್ಕದ್ದೆಂದು ಚರಕಸಂಹಿತೆಯು ವಿಧಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಇಷ್ಟರಿಂದಲೇ ಆಧುನಿಕ ವಂಶಶಾಸ್ತ್ರವೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಭೇದವುಂಟೆಂದು ಕಾಣುವುದು ಒಂದು; ಆ ಭೇದವು ದೇಹದ ಯಾವ ಕ್ರಿಯೆಯಲ್ಲಿದೆ, ಯಾವ ನಿಯಮದಿಂದ ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುತ್ತದೆ ಎಂಬುದನ್ನು ಅಳೆದು ತೋರಿಸುವುದು ಮತ್ತೊಂದು. ಈ ಎರಡನೆಯ ಕಾರ್ಯವು ನಡೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ರಕ್ತದೊತ್ತಡವನ್ನು ತಗ್ಗಿಸುವ ಎರಡು ಔಷಧಗಳಿಗೆ ಅದರಲ್ಲಿ ಮುಖ್ಯವಾದ ಸ್ಥಾನವುಂಟು. ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಅಸ್ತಿಭಾರವನ್ನು ಹಾಕಿದವನು ಆಂಗ್ಲ ವೈದ್ಯನಾದ ಆರ್ಚಿಬಾಲ್ಡ್ ಗ್ಯಾರಡ್. ಮೂತ್ರವು ಕಪ್ಪಾಗುವ ಆಲ್ಕ್ಯಾಪ್ಟೋನೂರಿಯ ಎಂಬ ವಿಕಾರವನ್ನು ಪರಿಶೀಲಿಸಿ, ಮನುಷ್ಯರು ಮುಖಲಕ್ಷಣದಲ್ಲಿ ಭಿನ್ನರಾಗಿರುವಂತೆ ದೇಹದ ರಾಸಾಯನಿಕ ವ್ಯಾಪಾರಗಳಲ್ಲಿಯೂ ಭಿನ್ನರಾಗಿರುವರೆಂದು ಅವನು 1902ರಲ್ಲಿ ಪ್ರತಿಪಾದಿಸಿದನು. ಔಷಧಗಳ ದುಷ್ಪರಿಣಾಮಕ್ಕೂ ವಂಶಗುಣಕ್ಕೂ ಇರುವ ಸಂಬಂಧವನ್ನು 1957ರಲ್ಲಿ ಆರ್ನೋ ಮೊಟುಲ್‌ಸ್ಕಿಯು ಸ್ಪಷ್ಟವಾಗಿ ವಿವರಿಸಿದನು. 1959ರಲ್ಲಿ ಜರ್ಮನಿಯ ಫ್ರೀಡ್ರಿಕ್ ಫೋಗೆಲನು ಈ ಶಾಸ್ತ್ರಕ್ಕೆ 'ಫಾರ್ಮಕೋಜೆನೆಟಿಕ್ಸ್' ಎಂದು ಹೆಸರಿಟ್ಟನು. ಔಷಧವಂಶಶಾಸ್ತ್ರವೆಂದು ನಾವು ಅದನ್ನು ಕರೆಯಬಹುದು.

ಮೊದಲನೆಯ ಔಷಧವು ಹೈಡ್ರಲಜೀನ್. 1950ರ ಅನಂತರದ ವರ್ಷಗಳಲ್ಲಿ ಬಳಕೆಗೆ ಬಂದ ಇದನ್ನು ದೀರ್ಘಕಾಲ ಸೇವಿಸಿದವರಲ್ಲಿ ಕೆಲವರಿಗೆ ಕೀಲುನೋವು, ಜ್ವರ ಮೊದಲಾದ ಲಕ್ಷಣಗಳು ತೋರಿದುವು. ಇವು ಲೂಪಸ್ ಎಂಬ ವ್ಯಾಧಿಯನ್ನು ಹೋಲುತ್ತಿದ್ದುವು. ಔಷಧವನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಶಮನವಾಗುತ್ತಿದ್ದುವು. ಕೆಲವರಿಗೆ ಮಾತ್ರ ಹೀಗೇಕೆ? ಉತ್ತರದ ಸುಳಿವು ದೊರೆತದ್ದು ಕ್ಷಯರೋಗದ ಔಷಧವಾದ ಐಸೋನಯಜಿಡ್‌ನಿಂದ. ಯಕೃತ್ತಿನಲ್ಲಿ ನಡೆಯುವ ಅಸಿಟೈಲೀಕರಣವೆಂಬ ಕ್ರಿಯೆಯು ಕೆಲವರಲ್ಲಿ ಶೀಘ್ರವಾಗಿಯೂ ಕೆಲವರಲ್ಲಿ ಮಂದವಾಗಿಯೂ ನಡೆಯುವುದೆಂದೂ, ಈ ಭೇದವು ವಂಶಾನುಗತವೆಂದೂ ಇವಾನ್ಸ್, ಮ್ಯಾನ್ಲಿ, ಮೆಕ್ಯೂಸಿಕ್ ಎಂಬವರು 1960ರಲ್ಲಿ ಕುಟುಂಬಗಳನ್ನು ಪರೀಕ್ಷಿಸಿ ತೋರಿಸಿದರು. ಹೈಡ್ರಲಜೀನ್ ಸಹ ಇದೇ ಮಾರ್ಗದಿಂದ ಪರಿವರ್ತನೆ ಹೊಂದತಕ್ಕ ವಸ್ತು. ಅದರ ವಿಷಲಕ್ಷಣಗಳು ವಿಶೇಷವಾಗಿ ಮಂದಕ್ರಿಯೆಯುಳ್ಳವರಲ್ಲಿಯೇ ಕಾಣುವುವೆಂದು 1970ರಲ್ಲಿ ಪೆರಿ ಮತ್ತು ಅವನ ಸಹೋದ್ಯೋಗಿಗಳು ಪ್ರಕಟಿಸಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಯೂರೋಪಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಂದಕ್ರಿಯೆಯವರೇ. ಅವರಲ್ಲಿ ಬಹುಮಂದಿಗೆ ಈ ಬಾಧೆಯು ತಟ್ಟುವುದಿಲ್ಲ. ಸೇವಿಸಿದ ಪ್ರಮಾಣವು ಹೆಚ್ಚಾದಷ್ಟೂ ಅಪಾಯವು ಹೆಚ್ಚು. ಪುರುಷರಿಗಿಂತ ಸ್ತ್ರೀಯರಿಗೆ ಹೆಚ್ಚು. ಆದುದರಿಂದ ವಂಶಗುಣವು ಕಾರಣಗಳಲ್ಲಿ ಒಂದೇ ಹೊರತು ಏಕೈಕ ಕಾರಣವಲ್ಲ.

ಎರಡನೆಯ ಔಷಧವು ಡೆಬ್ರಿಸೋಕ್ವಿನ್. 1975ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ವೈದ್ಯಶಾಲೆಯ ರಾಬರ್ಟ್ ಸ್ಮಿತ್ ಎಂಬ ಸಂಶೋಧಕನೂ ಅವನ ಸಹೋದ್ಯೋಗಿಗಳೂ ಪ್ರಯೋಗಾರ್ಥವಾಗಿ ಇದನ್ನು ತಾವೇ ಸೇವಿಸಿದರು. ಉಳಿದವರಿಗೆ ವಿಶೇಷವೇನೂ ಆಗಲಿಲ್ಲ. ಸ್ಮಿತ್ತನ ರಕ್ತದೊತ್ತಡವು ಮಾತ್ರ ಅಪಾಯಕರವಾಗಿ ಕುಸಿದು, ಅವನು ಎದ್ದು ನಿಲ್ಲಲಾರದೆ ಹೋದನು. ಮೂತ್ರವನ್ನು ಪರೀಕ್ಷಿಸಲಾಗಿ, ಇತರರಲ್ಲಿ ಔಷಧವು ಬಹುಮಟ್ಟಿಗೆ ಬೇರೊಂದು ವಸ್ತುವಾಗಿ ಮಾರ್ಪಟ್ಟಿದ್ದಿತು. ಸ್ಮಿತ್ತನಲ್ಲಿ ಅದು ಪ್ರಾಯಶಃ ಮಾರ್ಪಡದೆಯೇ ಉಳಿದಿದ್ದಿತು. ಬಳಿಕ 94 ಮಂದಿಯನ್ನೂ ಕೆಲವು ಕುಟುಂಬಗಳನ್ನೂ ಪರೀಕ್ಷಿಸಿ, ಈ ನ್ಯೂನತೆಯು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವ ಮೆಂಡಲನ ನಿಯಮಕ್ಕೆ ಒಳಪಟ್ಟದ್ದೆಂದು 1977ರಲ್ಲಿ ಪ್ರಕಟಿಸಲಾಯಿತು. ಅದೇ ಕಾಲದಲ್ಲಿ ಜರ್ಮನಿಯ ಮಿಖಾಯೆಲ್ ಐಖೆಲ್‌ಬೌಮನು ಸ್ಪಾರ್ಟೀನ್ ಎಂಬ ಬೇರೊಂದು ಔಷಧದಿಂದ ಇಂತಹದೇ ಭೇದವನ್ನು ಕಂಡುಹಿಡಿದನು. ಎರಡಕ್ಕೂ ಕಾರಣವಾದ ಕಿಣ್ವವು ಒಂದೇ ಎಂದು ಮುಂದೆ ನಿಶ್ಚಯವಾಯಿತು.

ಈ ಶೋಧವು ಕೇವಲ ಆಕಸ್ಮಿಕವೆಂದು ಹೇಳುವ ವಾಡಿಕೆಯುಂಟು. ಅದು ಅರ್ಧಸತ್ಯ. ಔಷಧವನ್ನು ಸೇವಿಸಿ ತಲೆತಿರುಗಿ ಬಿದ್ದ ರೋಗಿಗಳು ಹಿಂದೆಯೂ ಇದ್ದರು. ಆ ದೋಷವನ್ನು ರೋಗಿಯ ದೌರ್ಬಲ್ಯಕ್ಕೋ ವೈದ್ಯನ ಅಜಾಗರೂಕತೆಗೋ ಆರೋಪಿಸಿ ಸುಮ್ಮನಾಗುವುದು ಸುಲಭ. ಸ್ಮಿತ್ತನು ಹಾಗೆ ಮಾಡದೆ ತನ್ನ ದೇಹಕ್ಕೆ ಒದಗಿದ ಆಪತ್ತನ್ನೇ ಪ್ರಶ್ನೆಯಾಗಿ ಸ್ವೀಕರಿಸಿದನು. ಗ್ಯಾರಡನಿಂದ ಮೊದಲ್ಗೊಂಡು ಸಿದ್ಧವಾಗಿದ್ದ ವಿಚಾರಪರಂಪರೆಯು ಆ ಪ್ರಶ್ನೆಗೆ ದಾರಿಯನ್ನು ತೋರಿತು.

ಸಿವೈಪಿ2ಡಿ6 ಎಂದು ಹೆಸರಾದ ಈ ಕಿಣ್ವದ ವಂಶವಾಹಿಯಲ್ಲಿರುವ ದೋಷದ ಸ್ವರೂಪವು 1988ರಲ್ಲಿ ಬೆಳಕಿಗೆ ಬಂದಿತು. ಡೆಬ್ರಿಸೋಕ್ವಿನ್ ಚಿಕಿತ್ಸೆಯಿಂದ ಬಹುಮಟ್ಟಿಗೆ ಮರೆಯಾದರೂ ಈ ಜ್ಞಾನವು ವ್ಯರ್ಥವಾಗಲಿಲ್ಲ. ಇಂದಿಗೂ ಬಳಕೆಯಲ್ಲಿರುವ ಮೆಟೊಪ್ರೊಲಾಲ್ ಇದೇ ಕಿಣ್ವದಿಂದ ಮಾರ್ಪಡುವುದರಿಂದ, ನ್ಯೂನತೆಯುಳ್ಳವರ ರಕ್ತದಲ್ಲಿ ಅದು ಹೆಚ್ಚಾಗಿ ಸಂಚಯವಾಗಿ ಹೃದಯದ ಬಡಿತವನ್ನು ಅತಿಯಾಗಿ ತಗ್ಗಿಸಬಲ್ಲುದು.

ಈ ನ್ಯೂನತೆಯು ಯೂರೋಪಿನ ಜನರಲ್ಲಿ ನೂರಕ್ಕೆ 5ರಿಂದ 10ರಷ್ಟು ಮಂದಿಗೂ, ಪೂರ್ವ ಏಷ್ಯದಲ್ಲಿ ಸುಮಾರು ಒಬ್ಬರಿಗೂ ಇರುವುದು. ಇಂತಹ ಅಂಕಿಗಳನ್ನು ಕಂಡು ಜನಾಂಗವನ್ನು ನೋಡಿ ಔಷಧವನ್ನು ನಿರ್ಣಯಿಸಬಹುದೆಂದು ಭಾವಿಸುವುದು ತಪ್ಪು. ಸರಾಸರಿಯು ಸಮೂಹಕ್ಕೆ ಸೇರಿದುದು. ಔಷಧವನ್ನು ಸೇವಿಸುವವನು ವ್ಯಕ್ತಿ. ಸ್ಮಿತ್ತನೂ ಅವನ ಸಹೋದ್ಯೋಗಿಗಳೂ ಒಂದೇ ಪ್ರಯೋಗಶಾಲೆಯವರು. ಬಾಧೆಗೆ ಒಳಗಾದವನು ಅವನೊಬ್ಬನೇ. ವ್ಯಕ್ತಿಯನ್ನು ಪರೀಕ್ಷಿಸದೆ ಅವನ ಕುಲವನ್ನು ಮಾತ್ರ ವಿಚಾರಿಸುವ ವೈದ್ಯವು ಈ ಚರಿತ್ರೆಯ ಸಾರವನ್ನು ಗ್ರಹಿಸಿದಂತಾಗದು.